ಓದಿದ ಕಾದಂಬರಿಯನ್ನು ಮತ್ತೆ ಮೊದಲ ಸಲ ಓದಬಹುದೆ?

ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಸುರೇಬಾನಕ್ಕೆ ನಾವು ಹೋದುದು ಕಾದಂಬರಿಯ ವಿಚಾರ ಮಾಡುವುದಕ್ಕಲ್ಲ; ಊರಿಗೆ ಸಮೀಪದ ಗುಡ್ಡಗಳ ನಡುವೆ ಇರುವ ಶಬರಿಕೊಳ್ಳವನ್ನು ನೋಡುವುದಕ್ಕೆ. ರಾಮನ ದಾರಿಯನ್ನು ಕಾಯುತ್ತ ಮುದುಕಿಯಾದ ಶಬರಿ ಇಲ್ಲಿಯೇ ಇದ್ದಳೆಂದು ಸುತ್ತಲಿನ ಜನರ ನಂಬಿಕೆ. ಅವಳ ಗುಡಿಯೂ ಅಲ್ಲಿದೆ. ಬೇಸಗೆಯ ಬಿಸಿಲಿಗೆ ಕಾದ ಬಯಲನ್ನು ದಾಟಿ ಗುಡ್ಡದ ನೆರಳಿಗೆ ಬಂದವರಿಗೆ ಆ ಸ್ಥಳದ ತಂಪು ಎಷ್ಟು ಹಿತವೆಂಬುದನ್ನು ಹೇಳಬೇಕಾಗಿಲ್ಲ.

ಗುಡಿಯ ಬಳಿಯ ಮರದ ಕೆಳಗೆ ಹದಿನೇಳು ಹದಿನೆಂಟರ ಹುಡುಗನೊಬ್ಬನು ಕುಳಿತು ಓದುತ್ತಿದ್ದನು. ಪುಸ್ತಕಕ್ಕೆ ವೃತ್ತಪತ್ರಿಕೆಯ ಹೊದಿಕೆ. ಪರೀಕ್ಷೆಯ ಓದೆಂದು ತಿಳಿದು ನಾವು ಸುಮ್ಮನೆ ಮುಂದೆ ಹೋಗುತ್ತಿದ್ದೆವು. ಆದರೆ ಅವನು ಪುಟವನ್ನು ಮಗುಚಿದ ರಭಸವನ್ನು ನೋಡಿದಾಗ, ಪರೀಕ್ಷೆಯ ಪುಸ್ತಕವನ್ನು ಯಾರೂ ಹೀಗೆ ಓದುವುದಿಲ್ಲವೆಂದು ಅನುಮಾನವಾಯಿತು. ಕೇಳಿದೆವು. ಅದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. ರಾಮದುರ್ಗದ ಕಾಲೇಜಿಗೆ ಹೋಗಿಬರುವ ಈ ಹುಡುಗ ಅದನ್ನು ಗ್ರಂಥಾಲಯದಿಂದ ತಂದಿದ್ದನು.

"ನೀವು ಇದನ್ನ ಓದೀರೇನ್ರಿ ಸರ?" ಎಂದನು.

ಓದಿದ್ದೇವೆ ಎಂದೆವು.

"ಹಂಗಾರ ಕಡೀಕ ಆ ಹಾರೂ ಓತಿ ಸಿಗತೈತೋ ಇಲ್ಲೋ, ಅಷ್ಟ ಹೇಳ್ರಿ. ತಡಕೊಳ್ಳಾಕ ಆಗವಲ್ದು."

ನಾವು ಹೇಳಲಿಲ್ಲ. ಹೇಳದಿರುವುದಕ್ಕೆ ನಮ್ಮದೇ ಒಂದು ಕಾರಣವಿತ್ತು. ಬಹಳ ವರ್ಷಗಳ ಹಿಂದೆ, ನಾವು ಈ ಕಾದಂಬರಿಯನ್ನು ಮೊದಲು ಓದಿ ಮುಗಿಸಿದ ರಾತ್ರಿ, ಜ್ವರದಿಂದ ಮಲಗಿದ್ದ ನಮ್ಮ ತಮ್ಮನ ಹಾಸಿಗೆಯ ಪಕ್ಕದಲ್ಲಿ ಕುಳಿತು ಕತೆಯೆಲ್ಲವನ್ನೂ ಕೊನೆಯವರೆಗೆ ಹೇಳಿಬಿಟ್ಟೆವು. ಅವನಿಗೆ ಹೊತ್ತು ಹೋಗಲೆಂಬ ಸದುದ್ದೇಶವೇ. ಅವನು ಸಂತೋಷದಿಂದಲೇ ಕೇಳಿದನು. ಆದರೆ ಜ್ವರ ಬಿಟ್ಟ ಮೇಲೆ ಪುಸ್ತಕವನ್ನು ಅವನ ಕೈಗೆ ಕೊಟ್ಟಾಗ, "ಗೊತ್ತಾಯ್ತಲ್ಲ ಅಣ್ಣ" ಎಂದು ಅದನ್ನು ಬದಿಗಿಟ್ಟನು. ಮುಂದೆ ಅವನು ಅದನ್ನು ಓದಲೇ ಇಲ್ಲ.

ಮರದ ಕೆಳಗಿನ ಆ ಹುಡುಗನನ್ನು ನೋಡಿ ನಮಗೆ ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳುತ್ತೇವೆ. ಅವನ ಮುಂದೆ ಇನ್ನೂ ಅರ್ಧ ಪುಸ್ತಕವಿತ್ತು. ನಮ್ಮ ಮುಂದೆ ಇಲ್ಲ. ಓದಿದ ಒಂದು ಪುಸ್ತಕವನ್ನು ಮತ್ತೆ ಮೊದಲ ಸಲವೆಂಬಂತೆ ಓದುವ ಭಾಗ್ಯ ಬಂದಿದ್ದರೆ ಎಂಬ ಆಸೆ ಓದುವ ಹವ್ಯಾಸವಿರುವ ಎಲ್ಲರಿಗೂ ಒಂದಲ್ಲ ಒಂದು ದಿನ ಹುಟ್ಟುತ್ತದೆ. ಇದು ಬರಿಯ ಆಸೆಯೆ, ಅಥವಾ ಯಾವ ರೀತಿಯಿಂದಲಾದರೂ ಸಾಧ್ಯವಾಗಬಲ್ಲದೆ? ನಮ್ಮ ತಮ್ಮನಿಂದ ನಾವು ಕಸಿದುಕೊಂಡುದಾದರೂ ಏನು?

'ಕರ್ವಾಲೊ' 1980ರಲ್ಲಿ ಪ್ರಕಟವಾಯಿತು. ಓದದಿರುವ ವಿದ್ಯಾರ್ಥಿಗಳು ನಮ್ಮ ವಾಚಕರಲ್ಲಿ ಅನೇಕರಿರುವುದರಿಂದ ಕತೆಯ ಬಾಗಿಲವರೆಗೆ ಮಾತ್ರ ಕರೆದೊಯ್ಯುತ್ತೇವೆ. ಮಲೆನಾಡಿನ ಮೂಡಿಗೆರೆಯ ಸುತ್ತಣ ಕಾಡು. ಅಲ್ಲಿ ಬೇಸಾಯ ಮಾಡುತ್ತಿರುವ ನಿರೂಪಕ, ಅವನ ನಾಯಿ ಕಿವಿ. ಜೇನಿನ ವಿಷಯದಲ್ಲಿ ಬಹಳ ತಿಳಿದ, ಬೇರಾವುದರಲ್ಲಿಯೂ ಪ್ರಯೋಜನಕ್ಕೆ ಬಾರದವನೆಂದು ತೋರುವ ಮಂದಣ್ಣ. ಇಂಥ ಹಳ್ಳಿಗನ ಸಂಗಡ ಕರ್ವಾಲೊ ಎಂಬ ದೊಡ್ಡ ವಿಜ್ಞಾನಿಗೆ ಏನು ಕೆಲಸವೆಂಬ ನಿರೂಪಕನ ಆಶ್ಚರ್ಯ. ಕೊನೆಗೆ ಇವರೆಲ್ಲರನ್ನೂ ಕಾಡಿನೊಳಕ್ಕೆ ಎಳೆಯುವ ಒಂದು ಹಾರುವ ಓತಿ. ಇಷ್ಟೇ.

ಹಾರುವ ಓತಿ ಬರಿಯ ಕಲ್ಪನೆಯಲ್ಲ. ಪಶ್ಚಿಮಘಟ್ಟಗಳಲ್ಲಿ ವಾಸಿಸುವ ಇಂಥ ಓತಿಯೊಂದನ್ನು 1837ರಷ್ಟು ಹಿಂದೆಯೇ ಫ್ರೆಂಚ್ ಪ್ರಾಣಿಶಾಸ್ತ್ರಜ್ಞರಾದ ದ್ಯುಮೆರಿಲ್ ಮತ್ತು ಬಿಬ್ರಾನ್ ವರ್ಣಿಸಿ ಡ್ರಾಕೊ ದುಸ್ಸುಮಿಯೆರಿ ಎಂದು ಹೆಸರಿಟ್ಟರು. ಅದರ ಕೆಲವು ಪಕ್ಕೆಲುಬುಗಳು ನೀಳವಾಗಿ ಬೆಳೆದು ಮೈಯಿಂದ ಹೊರಕ್ಕೆ ಚಾಚಿಕೊಳ್ಳುತ್ತವೆ. ಅವುಗಳ ನಡುವೆ ತೆಳುವಾದ ಚರ್ಮವಿದೆ. ಬೇಕೆಂದಾಗ ಬೀಸಣಿಗೆಯಂತೆ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿಹೋಗುತ್ತದೆ, ಬೇಡವೆಂದಾಗ ಮಡಿಚಿಕೊಂಡು ತೊಗಟೆಯ ಬಣ್ಣದಲ್ಲಿ ಕರಗಿಬಿಡುತ್ತದೆ. ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ. ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತನನ್ನು ಮಾತ್ರ ಕಂಡ ಬಯಲುಸೀಮೆಯ ಹುಡುಗನಿಗೆ ಇದು ಎಂತಹ ಸೋಜಿಗವಾಗಿರಬೇಕು!

ಈಗ ನಮ್ಮ ಪ್ರಶ್ನೆಗೆ ಬರೋಣ. ಮೊದಲ ಓದು ಮತ್ತೆ ಬರಬೇಕಾದರೆ ಓದಿದುದು ಮರೆಯಬೇಕು. ಮರೆಯುವುದೇನೂ ಕಷ್ಟವಲ್ಲವಷ್ಟೆ, ದಿನವೂ ಮಾಡುತ್ತಲೇ ಇದ್ದೇವೆ ಎಂದು ವಿದ್ಯಾರ್ಥಿಗಳು ನಗಬಹುದು. ಮರೆವನ್ನು ಅಳತೆಗೆ ತಂದವರಲ್ಲಿ ಮೊದಲಿಗನು ಜರ್ಮನಿಯ ಹೆರ್ಮನ್ ಎಬಿಂಗ್‌ಹೌಸ್. ಅವನ ಗ್ರಂಥ ಪ್ರಕಟವಾದುದು 1885ರಲ್ಲಿ. ಪ್ರಯೋಗ ಮಾಡುವವನೂ ಅವನೇ, ಪ್ರಯೋಗಕ್ಕೆ ಒಳಗಾಗುವವನೂ ಅವನೇ. ಅರ್ಥವಿಲ್ಲದ ಅಕ್ಷರಗುಂಪುಗಳ ಪಟ್ಟಿಗಳನ್ನು ಬಾಯಿಪಾಠ ಮಾಡುವನು. ಸ್ವಲ್ಪ ಕಾಲ ಬಿಟ್ಟು ಅದೇ ಪಟ್ಟಿಯನ್ನು ಮತ್ತೆ ಕಲಿಯುವನು. ಎರಡನೆಯ ಸಲ ಎಷ್ಟು ಶ್ರಮ ಉಳಿಯಿತೆಂಬುದನ್ನು ಲೆಕ್ಕಹಾಕುವನು. ಸುಮಾರು 20 ನಿಮಿಷಗಳ ಬಳಿಕ ಮೊದಲಿನ ಶ್ರಮದಲ್ಲಿ ನೂರಕ್ಕೆ 58ರಷ್ಟು ಉಳಿತಾಯ. ಒಂದು ಗಂಟೆಯ ಮೇಲೆ 44. ಒಂದು ದಿನಕ್ಕೆ 34. ಒಂದು ತಿಂಗಳಿಗೆ 21.

ಈ ಅಂಕಿಗಳನ್ನು ನೋಡಿದವರೆಲ್ಲ ಮರೆವಿನ ವೇಗಕ್ಕೆ ಬೆರಗಾಗುತ್ತಾರೆ. ನಮಗಾದರೋ ಆ ಕೊನೆಯ 21 ಹೆಚ್ಚು ವಿಸ್ಮಯಕರವಾಗಿ ಕಾಣುತ್ತದೆ. ಅರ್ಥವೇ ಇಲ್ಲದ, ಯಾರಿಗೂ ಬೇಡವಾದ ಶಬ್ದಗಳು ತಿಂಗಳ ಮೇಲೆಯೂ ಪೂರ್ತಿಯಾಗಿ ಅಳಿದಿರಲಿಲ್ಲ. ಇದಕ್ಕಿಂತ ಮುಖ್ಯವಾದುದು ಇನ್ನೊಂದು. ಯೌವನದಲ್ಲಿ ಬಾಯಿಪಾಠ ಮಾಡಿದ್ದ ಬೈರನ್ ಕವಿಯ ಪದ್ಯಗಳನ್ನು ಎಬಿಂಗ್‌ಹೌಸ್ 22 ವರ್ಷಗಳ ಬಳಿಕ ಪುನಃ ಕಲಿತುನೋಡಿದನು. ಆ ಪದ್ಯಗಳು ಅವನಿಗೆ ನೆನಪಿರಲಿಲ್ಲ. ಆದರೂ ಹೊಸ ಪದ್ಯಗಳಿಗಿಂತ ಅವು ಕಡಮೆ ಶ್ರಮದಿಂದ ಬಂದುವು. ಅಂದಮೇಲೆ ಮರೆತೆನೆಂದು ಮನುಷ್ಯನು ಹೇಳಬಹುದು. ಅವನ ಮಿದುಳು ಹಾಗೆ ಹೇಳುವುದಿಲ್ಲ.

ಇದನ್ನು ವಿವರಿಸಲು ನಮಗೆ ಉಪಮಾನವನ್ನು ಹುಡುಕುವ ತೊಂದರೆಯಿರಲಿಲ್ಲ. ಸುರೇಬಾನದಲ್ಲಿ ನೇಕಾರರ ಮನೆಗಳಿವೆ; ನಮ್ಮ ಹುಡುಗನ ತಂದೆಯೂ ನೇಕಾರರೇ. ಆ ಸಂಜೆ ಅವನು ನಮ್ಮನ್ನು ಮನೆಗೆ ಕರೆದನು. ಮಗ್ಗದ ಮುಂದೆ ಕುಳಿತು ಚಹಾ ಕುಡಿಯುತ್ತ ನಾವು ಈ ಸಂಗತಿಯನ್ನು ಹೇಳಿದಾಗ ಆ ಹಿರಿಯರು ಒಂದು ಹಳೆಯ ಅರಿವೆಯ ಅಂಚಿನಿಂದ ಎಳೆಯೊಂದನ್ನು ಬಿಡಿಸಿ ನಮ್ಮ ಅಂಗೈಯ ಮೇಲಿಟ್ಟರು. ಎಳೆ ನೆಟ್ಟಗಿರಲಿಲ್ಲ, ಹಾಸಿನೊಳಗೆ ಮೇಲೆ ಕೆಳಗೆ ಹಾಯ್ದ ಹೊಕ್ಕಿನ ಡೊಂಕೆಲ್ಲವೂ ಅದರಲ್ಲಿ ಉಳಿದಿತ್ತು. "ಒಮ್ಮೆ ನೇದಿದ್ದ ನೂಲು ಹೊಸಾ ನೂಲಿನಂಗ ಆಗೂದಿಲ್ರಿ" ಎಂದರು. ಎಬಿಂಗ್‌ಹೌಸನ ಗ್ರಂಥದ ಸಾರಾಂಶವೇ ಇದು.

ಮಿದುಳಿನಲ್ಲಿ ಈ ಡೊಂಕು ಎಲ್ಲಿ ಉಳಿಯುತ್ತದೆ? ನರಕೋಶಗಳು ಒಂದನ್ನೊಂದು ಸಂಧಿಸುವ ಸ್ಥಾನಗಳಲ್ಲಿ. ಕಡಲಿನ ಬಸವನಹುಳುವಿನ ಜಾತಿಯ ಅಪ್ಲೀಸಿಯ ಎಂಬ ಪ್ರಾಣಿಯಲ್ಲಿ ಎರಿಕ್ ಕ್ಯಾಂಡೆಲ್ ನಡೆಸಿದ ಅಭ್ಯಾಸಗಳು, ಬಹುಕಾಲ ಉಳಿಯುವ ನೆನಪಿನೊಂದಿಗೆ ಈ ಸಂಧಿಗಳು ಹೊಸದಾಗಿ ಬೆಳೆಯುವುದನ್ನು ತೋರಿಸಿದುವು. ಅದಕ್ಕಾಗಿ ಅವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಎಂದರೆ ಪುಸ್ತಕವನ್ನು ಓದಿ ಕೆಳಗಿಟ್ಟ ಮಿದುಳು ಅದನ್ನು ಕೈಗೆತ್ತಿಕೊಂಡ ಮಿದುಳಲ್ಲ.

ಹಾಗಾದರೆ, ಹೊಸ ನೆನಪು ಕಟ್ಟುವುದೇ ನಿಂತುಹೋದವನೊಬ್ಬನು ಇದ್ದರೆ? ಅವನಿಗೆ ಪ್ರತಿಯೊಂದು ಓದೂ ಮೊದಲ ಓದಲ್ಲವೆ? ಅಂಥವನೊಬ್ಬನಿದ್ದನು. ಅಮೆರಿಕದ ಹೆನ್ರಿ ಮೊಲೈಸನ್. ಶಾಸ್ತ್ರಗ್ರಂಥಗಳಲ್ಲಿ ಬಹುಕಾಲ ಎಚ್. ಎಂ. ಎಂಬ ಎರಡಕ್ಷರಗಳಿಂದಲೇ ಪ್ರಸಿದ್ಧನಾಗಿದ್ದವನು. ತೀವ್ರವಾದ ಮೂರ್ಛೆರೋಗದಿಂದ ಬಿಡಿಸುವುದಕ್ಕಾಗಿ 1953ರಲ್ಲಿ, ಅವನ 27ನೆಯ ವಯಸ್ಸಿನಲ್ಲಿ, ವಿಲಿಯಂ ಸ್ಕೊವಿಲ್ ಎಂಬ ಶಸ್ತ್ರವೈದ್ಯರು ಅವನ ಮಿದುಳಿನ ಎರಡೂ ಪಾರ್ಶ್ವಗಳಿಂದ ಹಿಪೊಕ್ಯಾಂಪಸ್ಸಿನ ಬಹುಭಾಗವನ್ನೂ ಅದರ ಸುತ್ತಣ ಭಾಗಗಳನ್ನೂ ತೆಗೆದುಹಾಕಿದರು. ಮೂರ್ಛೆ ಕಡಮೆಯಾಯಿತು. ಬುದ್ಧಿಗೆ, ಮಾತಿಗೆ, ಓದುವ ಶಕ್ತಿಗೆ ಕುಂದು ಬರಲಿಲ್ಲ. ಆದರೆ ಅಂದಿನಿಂದ ನಡೆದುದೊಂದೂ ಅವನ ಮನಸ್ಸಿನಲ್ಲಿ ನಿಲ್ಲದಾಯಿತು. 1957ರಲ್ಲಿ ಸ್ಕೊವಿಲ್ ಮತ್ತು ಬ್ರೆಂಡಾ ಮಿಲ್ನರ್ ಪ್ರಕಟಿಸಿದ ಲೇಖನದಲ್ಲಿ ಒಂದು ಸಣ್ಣ ಸಂಗತಿಯಿದೆ: ಈತನು ಅವೇ ಮಾಸಪತ್ರಿಕೆಗಳನ್ನು ಮತ್ತೆ ಮತ್ತೆ ಓದುತ್ತಿದ್ದನು, ಅವು ಅವನಿಗೆ ಪರಿಚಿತವೆಂದು ತೋರುತ್ತಲೇ ಇರಲಿಲ್ಲ.

ನಾವು ಬಯಸಿದ ವರ ಇವನಿಗೆ ದೊರೆತಿತ್ತು. ಎಂತಹ ಬೆಲೆಗೆ! 2008ರಲ್ಲಿ ತೀರಿಕೊಳ್ಳುವವರೆಗೆ, 55 ವರ್ಷಗಳ ಕಾಲ, ದಿನವೂ ಕಾಣುವ ಪರೀಕ್ಷಕರು ಅವನಿಗೆ ದಿನವೂ ಹೊಸಬರು. ಇನ್ನೊಂದನ್ನು ಗಮನಿಸಬೇಕು. ಒಂದು ಕತೆ ನಮ್ಮನ್ನು ಹಿಡಿಯಬೇಕಾದರೆ ಹತ್ತನೆಯ ಪುಟದಲ್ಲಿ ಕಂಡ ಮಂದಣ್ಣನು ನೂರನೆಯ ಪುಟದಲ್ಲಿಯೂ ಮನಸ್ಸಿನಲ್ಲಿರಬೇಕು. ನೆನಪೇ ಕಟ್ಟದವನಿಗೆ ದೀರ್ಘ ಕಾದಂಬರಿಯ ಮೊದಲ ಓದೂ ಇಲ್ಲ. ಇದೂ ಸಾಲದೆಂಬಂತೆ, ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಆಕೃತಿಯ ಗೆರೆಯನ್ನು ತಿದ್ದುವ ಕೆಲಸ ಕೊಟ್ಟರು. (ವಾಚಕರು ಮಾಡಿನೋಡಬಹುದು, ಕೈ ಬೇಡವೆಂದ ಕಡೆಗೇ ಓಡುತ್ತದೆ.) ದಿನದಿನಕ್ಕೆ ಅವನ ಕೈ ಪಳಗಿತು; ಮೂರನೆಯ ದಿನ ತಪ್ಪುಗಳು ಬಹಳ ಕಡಮೆ. ಈ ಕೆಲಸವನ್ನು ಹಿಂದೆಂದಾದರೂ ಮಾಡಿದ ನೆನಪು ಮಾತ್ರ ಅವನಿಗಿರಲಿಲ್ಲ. ಅವನಲ್ಲಿಯೂ ನೂಲಿನ ಡೊಂಕು ಉಳಿಯುತ್ತಿತ್ತು.

ಇನ್ನು ಮೊದಲ ಓದಿನಲ್ಲಿ ಅಂಥ ವಿಶೇಷವಾದರೂ ಏನು? ಓದುವಾಗ ನಮ್ಮ ಕಣ್ಣು ಸಾಲಿನ ಮೇಲೆ ಸರಾಗವಾಗಿ ಹರಿಯುತ್ತದೆಂದು ನಾವು ಭಾವಿಸುತ್ತೇವೆ. ಹಾಗಿಲ್ಲ. ಅದು ಮಿಡತೆಯಂತೆ ನೆಗೆಯುತ್ತದೆ. ನೆಗೆತಗಳ ನಡುವೆ ಸಾಮಾನ್ಯವಾಗಿ ಒಂದು ಸೆಕೆಂಡಿನ ನಾಲ್ಕನೆಯ ಒಂದು ಭಾಗದಷ್ಟು ಕಾಲ ನಿಲ್ಲುತ್ತದೆ. ತಿಳಿಯದಿದ್ದರೆ ಹಿಂದಕ್ಕೂ ಹಾರುತ್ತದೆ. ಓದಿದ್ದನ್ನೇ ಪುನಃ ಓದುವಾಗ ಈ ನಿಲುಗಡೆಗಳ ಸಂಖ್ಯೆಯೂ ಅವಧಿಯೂ ತಗ್ಗುವುದನ್ನು ಉಪಕರಣಗಳಿಂದ ಅಳೆದಿದ್ದಾರೆ.

ಕಣ್ಣಿಗಿಂತ ಮುಂದೆ ಮಿದುಳು ಓಡುತ್ತಿರುತ್ತದೆ. "ಅವ್ವ ಬಿಸಿರೊಟ್ಟಿಯ ಮೇಲೆ ಬೆಣ್ಣೆ..." ಎಂದೊಡನೆ ಮುಂದಿನ ಮಾತು ಏನೆಂದು ನಿಮಗೆ ಆಗಲೇ ತಿಳಿದಿದೆ. ಆ ಬೆಣ್ಣೆಯ ಸ್ಥಾನದಲ್ಲಿ ನಾವು 'ಚಪ್ಪಲಿ' ಎಂದು ಅಚ್ಚುಹಾಕಿದ್ದರೆ? ಅಂಥ ಶಬ್ದವು ಕಣ್ಣಿಗೆ ಬಿದ್ದ ಸುಮಾರು 400 ಮಿಲಿಸೆಕೆಂಡುಗಳಿಗೆ ತಲೆಯ ಮೇಲಿಟ್ಟ ವಿದ್ಯುದಗ್ರಗಳಲ್ಲಿ ಒಂದು ವಿಶಿಷ್ಟ ತರಂಗ ಕಾಣಿಸಿಕೊಳ್ಳುತ್ತದೆಂದು ಕ್ಯಾಲಿಫೋರ್ನಿಯದ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್‌ಯಾರ್ಡ್ 1980ರಲ್ಲಿ ಪ್ರಕಟಿಸಿದರು. 'ಕರ್ವಾಲೊ' ಹೊರಬಂದ ವರ್ಷವೇ ಇದು, ಕಾಕತಾಳೀಯವೆಂದು ಬಿಡೋಣ. ಓದುವುದೆಂದರೆ ಪುಟಪುಟಕ್ಕೂ ಊಹಿಸುವುದು, ಊಹೆ ತಪ್ಪುವುದು, ತಿದ್ದಿಕೊಳ್ಳುವುದು. ಮೊದಲ ಓದಿನಲ್ಲಿ ನಾವು ಮಂದಣ್ಣನನ್ನು ನಿರೂಪಕನಂತೆಯೇ ತಪ್ಪಾಗಿ ಅಳೆಯುತ್ತೇವೆ. ಆ ತಪ್ಪನ್ನು ಇನ್ನೊಮ್ಮೆ ಮಾಡಬೇಕೆಂದರೂ ನಮ್ಮಿಂದಾಗದು. ವಿಜ್ಞಾನಿಗಳ ಕೆಲಸವೂ ಬಹುಮಟ್ಟಿಗೆ ಈ ಬಗೆಯದೆ.

ಆದರೆ ನಾವು ಎರಡನೆಯ ಸಲ ಪುಸ್ತಕ ತೆರೆದಾಗ ಒಂದು ತಮಾಷೆ ನಡೆಯಿತು. ಈ ಕಾದಂಬರಿ ಧೋ ಎಂದು ಸುರಿಯುವ ಮಳೆಯಲ್ಲಿ ಆರಂಭವಾಗುತ್ತದೆಂದು ನಾವು ಹತ್ತಾರು ಮಂದಿಗೆ ಹೇಳಿದ್ದೆವು. ನೋಡಿದರೆ, ಅದು ತೊಡಗುವುದು ಜೇನುತುಪ್ಪ ಕೊಳ್ಳುವ ಸಂಗತಿಯಿಂದ! ಆ ಮಳೆಯನ್ನು ನಮ್ಮ ಮನಸ್ಸೇ ಸುರಿಸಿತ್ತು. ಬಯಲುನಾಡಿನವರಿಗೆ ಮಲೆನಾಡೆಂದರೆ ಮಳೆಯಲ್ಲವೆ? ಕೇಂಬ್ರಿಡ್ಜಿನ ಬಾರ್ಟ್‌ಲೆಟ್ ತಮ್ಮ 1932ರ ಗ್ರಂಥದಲ್ಲಿ ಇಂಥದೇ ವಿಷಯವನ್ನು ವಿವರಿಸಿದ್ದಾರೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕತೆಯನ್ನು ಇಂಗ್ಲಿಷ್ ಓದುಗರಿಗೆ ಕೊಟ್ಟು, ಆಮೇಲೆ ನೆನಪಿನಿಂದ ಬರೆಯಿಸಿದಾಗ, ಮರದ ದಿಮ್ಮಿಯ ಕಿರುದೋಣಿ ಸಾಮಾನ್ಯ ದೋಣಿಯಾಗಿತ್ತು, ಸೀಲ್ ಪ್ರಾಣಿಯ ಬೇಟೆ ಮೀನು ಹಿಡಿಯುವುದಾಗಿತ್ತು. ಓದುಗರು ತಮಗೆ ಪರಿಚಿತವಾದ ಲೋಕಕ್ಕೆ ಕತೆಯನ್ನು ಹೊಂದಿಸಿಕೊಂಡಿದ್ದರು. ಹೀಗಾಗಿ ವರ್ಷಗಳ ಮೇಲೆ ಮತ್ತೆ ಓದುವವನು ಅದೇ ಪುಸ್ತಕವನ್ನು ಓದುವುದಿಲ್ಲ; ತಾನು ಕಟ್ಟಿಕೊಂಡ ಪುಸ್ತಕಕ್ಕೂ ಅಚ್ಚಾದ ಪುಸ್ತಕಕ್ಕೂ ಇರುವ ಅಂತರವನ್ನು ಓದುತ್ತಾನೆ. ಇದು ಮೊದಲ ಓದಲ್ಲ. ಇದರಲ್ಲಿಯೂ ಬೆರಗಿದೆಯೆಂಬುದನ್ನು ಮಾತ್ರ ನಾವು ಬಲ್ಲೆವು.

ಇನ್ನು ನಮ್ಮ ತಮ್ಮನ ವಿಷಯ. ಕೊನೆಯನ್ನು ಮೊದಲೇ ತಿಳಿದವನಿಗೆ ಕತೆ ಕೆಟ್ಟೇಹೋಗುವುದೆ? 2011ರಲ್ಲಿ ಕ್ಯಾಲಿಫೋರ್ನಿಯದ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ 12 ಸಣ್ಣಕತೆಗಳನ್ನು ವಿದ್ಯಾರ್ಥಿಗಳಿಂದ ಓದಿಸಿದರು. ಕೆಲವರಿಗೆ ಅಂತ್ಯವನ್ನು ಮುಂಚಿತವಾಗಿ ತಿಳಿಸಿದ್ದರು. ಒಟ್ಟಿನಲ್ಲಿ, ತಿಳಿದು ಓದಿದವರೇ ಕತೆಗಳನ್ನು ಹೆಚ್ಚು ಮೆಚ್ಚಿದರು! ಈ ಫಲಿತಾಂಶವನ್ನು ಓದಿದ ದಿನ ನಮ್ಮ ಎದೆಯ ಭಾರ ಸ್ವಲ್ಪ ಇಳಿದುದುಂಟು. ಆದರೆ ಆ ಸಮಾಧಾನ ಬಹಳ ಕಾಲ ಉಳಿಯಲಿಲ್ಲ. 2015ರಲ್ಲಿ ಬೇರೆ ಇಬ್ಬರು ಸಂಶೋಧಕರು ಇಂಥದೇ ಪರೀಕ್ಷೆ ನಡೆಸಿ, ಅಂತ್ಯ ತಿಳಿದರೆ ಸಂತೋಷ ಕುಗ್ಗುತ್ತದೆಂದು ಕಂಡರು. ವಿಜ್ಞಾನ ಈ ವಿಷಯದಲ್ಲಿ ಇನ್ನೂ ಒಂದೇ ಮಾತನಾಡುತ್ತಿಲ್ಲ. ಅಲ್ಲದೆ, ಆ ಪ್ರಯೋಗಗಳಲ್ಲಿ ಎಲ್ಲರೂ ಕತೆಯನ್ನು ಓದಲೇಬೇಕಾಗಿತ್ತು. ನಮ್ಮ ತಮ್ಮನು ಪುಸ್ತಕವನ್ನೇ ಮುಟ್ಟಲಿಲ್ಲ.

ಈ ಸೀಮೆಯ ಜನರನ್ನು ಕೇಳಿದರೆ ಅವರು ಮೊದಲನೆಯ ಪ್ರಯೋಗದ ಕಡೆಗೆ ನಿಲ್ಲುವರೇನೊ. ಸುರೇಬಾನದಿಂದ ಬಹು ದೂರವಲ್ಲದ ಬೈಲಹೊಂಗಲದಲ್ಲಿ ಹುಟ್ಟಿದ ಸಣ್ಣಾಟ 'ಸಂಗ್ಯಾ ಬಾಳ್ಯಾ'. ಸಂಗ್ಯಾನ ಕೊಲೆಯಾಗುವುದೆಂದು, ಗೆಳೆಯ ಬಾಳ್ಯಾ ದ್ರೋಹ ಬಗೆಯುವನೆಂದು ಪ್ರೇಕ್ಷಕರಲ್ಲಿ ಅರಿಯದವರಾರು? ಆದರೂ ರಾತ್ರಿಯೆಲ್ಲ ಎದ್ದು ಕುಳಿತು, ಇಂದಾದರೂ ಅವನು ತಪ್ಪಿಸಿಕೊಂಡಾನೆಂಬಂತೆ ನೋಡುತ್ತಾರೆ. ಇದನ್ನು ಪ್ರಯೋಗದ ಮೂಲಕ ಪರಿಶೀಲಿಸಿದವರು ಅಮೆರಿಕದ ರಿಚರ್ಡ್ ಗೆರಿಗ್. 1989ರಲ್ಲಿ ಅವರು ತೋರಿಸಿದುದೇನೆಂದರೆ, ಜಾರ್ಜ್ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷನಾದುದನ್ನು ಚೆನ್ನಾಗಿ ಬಲ್ಲ ಓದುಗರು ಕೂಡ, ಅವನು ಆ ಹುದ್ದೆಯನ್ನು ನಿರಾಕರಿಸಿಯೇಬಿಡುವನೇನೋ ಎಂಬಂತೆ ಹೆಣೆದ ಕತೆಯನ್ನು ಓದಿದ ಕೂಡಲೆ, ಆ ಸಂಗತಿ ಸತ್ಯವೆಂದು ಹೇಳಲು ತುಸು ತಡೆಯುತ್ತಾರೆ. ಕತೆಯೊಳಗೆ ಇರುವಷ್ಟು ಹೊತ್ತು ಗೊತ್ತಿರುವುದೂ ಗೊತ್ತಿಲ್ಲದಂತೆ ನಡೆಯುತ್ತದೆ.

ಶಬರಿಯ ಕತೆಯನ್ನೇ ತೆಗೆದುಕೊಳ್ಳಿ. ಅದನ್ನು ಮೊದಲ ಸಲ ಕೇಳಿದುದು ಯಾವಾಗಲೆಂದು ನಾವು ಆ ಹುಡುಗನನ್ನೂ ಅವನ ತಾಯಿಯನ್ನೂ ಕೇಳಿದೆವು. ಇಬ್ಬರಿಗೂ ನೆನಪಿಲ್ಲ. ನಮಗೂ ಇಲ್ಲ. ಒಂದೊಂದೇ ಹಣ್ಣನ್ನು ಕಚ್ಚಿ, ಸಿಹಿಯಾದುದನ್ನು ಮಾತ್ರ ರಾಮನಿಗೆಂದು ಎತ್ತಿಟ್ಟ ಆ ಮುದುಕಿ ನಮ್ಮ ನಡುವೆ ಮೊದಲಿನಿಂದಲೂ ಇದ್ದಾಳೆ. ವಾಲ್ಮೀಕಿಯ ರಾಮಾಯಣದಲ್ಲಿ ಹಣ್ಣು ಕಚ್ಚಿ ನೋಡಿದ ಮಾತೇ ಇಲ್ಲ. ಅದು ಮುಂದಿನವರು ಸೇರಿಸಿದುದು. ಹೀಗೆಂದು ನಾವು ಹೇಳಿದಾಗ ತಾಯಿಯು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು, "ಹೌದೇನ್ರಿ? ಹಂಗಾರ ಹುಳಿ ಹಣ್ಣು ಕೊಟ್ಟಿದ್ರ ಹೆಂಗ್ರಿ?" ಎಂದರು. ಲೆಕ್ಕವಿಲ್ಲದಷ್ಟು ಸಲ ಕೇಳಿದ ಕತೆಯಲ್ಲಿ ಅವರಿಗೆ ಅಂದು ಹೊಸದಾಗಿ ಭಯವಾಯಿತು.

ಕತ್ತಲಾಗುವ ಮುನ್ನ ನಾವು ಬಸ್ಸು ಹಿಡಿದೆವು. ಹುಡುಗನು ನಿಲ್ದಾಣದವರೆಗೆ ಬಂದು, ಕಿಟಕಿಯ ಬಳಿ ನಿಂತು ಕೊನೆಯ ಸಲವೆಂಬಂತೆ ಓತಿಯ ಗತಿಯೇನೆಂದು ಕೇಳಿದನು. ನಾವು ಟಿಕೆಟಿಗೆ ಚಿಲ್ಲರೆ ಹುಡುಕುವ ನೆಪ ಮಾಡಿದೆವು. ಊರಿಗೆ ಬಂದ ಮೇಲೆ ನಾವು ತಮ್ಮನಿಗೆ ಕಾದಂಬರಿಯ ಒಂದು ಹೊಸ ಪ್ರತಿಯನ್ನು ಅಂಚೆಯಲ್ಲಿ ಕಳುಹಿಸಿದೆವು. ಅವನಿಗೀಗ ಮೊಮ್ಮಕ್ಕಳಿದ್ದಾರೆ, ಅಂತ್ಯವನ್ನು ಈ ಹೊತ್ತಿಗೆ ಮರೆತಿರಬಹುದು, ಅಥವಾ ನಾವು ಹೇಳಿದುದಕ್ಕಿಂತ ಬೇರೆಯಾದ ಒಂದನ್ನು ನೆನಪಿಟ್ಟುಕೊಂಡಿರಬಹುದು. ಓದುತ್ತಿರುವನೇ ಎಂದು ನಾವು ಇನ್ನೂ ವಿಚಾರಿಸಿಲ್ಲ.

ನಾಲ್ಕು ದಿನಗಳ ಮೇಲೆ ಸುರೇಬಾನದ ಹುಡುಗನು ದೂರವಾಣಿಯಲ್ಲಿ ಮಾತನಾಡಿದನು. ಪುಸ್ತಕ ಮುಗಿದಿತ್ತು. ಓತಿಯ ವಿಷಯವನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಕೊನೆಯನ್ನು ತಲುಪುವ ಆತುರದಲ್ಲಿ ಜೇನಿನ ಭಾಗವನ್ನು ಸರಿಯಾಗಿ ನೋಡಲಿಲ್ಲವೆಂದು, ಅದಕ್ಕಾಗಿ ಮತ್ತೆ ಮೊದಲ ಪುಟದಿಂದ ಹಿಡಿದಿರುವನೆಂದು ಹೇಳಿದನು. ಗ್ರಂಥಾಲಯಕ್ಕೆ ಶನಿವಾರ ಹಿಂದಿರುಗಿಸಬೇಕಾಗಿದೆ. ಇನ್ನೊಂದು ವಾರ ಇಟ್ಟುಕೊಳ್ಳಲು ಬಿಡುವರೋ ಇಲ್ಲವೋ ಎಂಬುದೇ ಅವನ ಚಿಂತೆಯಾಗಿತ್ತು.